ನೇಯ್ಗೆ ಮತ್ತು ಹೆಣಿಗೆ: ಗೃಹಕೃತ್ಯದ ಕಥನಕ್ಕೆ ಒಂದು ಅಳತೆಗೋಲು

1

ಕನ್ನಡ ವಿಮರ್ಶೆಯ ಪರಿಭಾಷೆಯಲ್ಲಿ ‘ನೇಯ್ಗೆ’ಗೆ ದೊರೆತ ಮನ್ನಣೆ ‘ಹೆಣಿಗೆ’ಗೆ ದೊರೆತಿಲ್ಲ. ಕಾವ್ಯದ ಬಂಧ ಬಿಗಿಯಾಗಿದ್ದರೆ ಅದರ ನೇಯ್ಗೆಯನ್ನು ಮೆಚ್ಚುತ್ತೇವೆ. ಕಾದಂಬರಿಯ ಹಲವು ಎಳೆಗಳು ಒಂದರೊಡನೊಂದು ಕೂಡಿಬಂದರೆ ಹಾಸುಹೊಕ್ಕಾಗಿವೆ ಎನ್ನುತ್ತೇವೆ. ‘ಹೆಣೆ’ ಎಂಬ ಧಾತುವಿನ ಬಳಕೆಯಾದರೋ ಇದಕ್ಕಿಂತ ವಿಶಾಲವಾದುದು. ಜಡೆ, ಬುಟ್ಟಿ, ಬಲೆ, ಚಾಪೆ, ಸ್ವೆಟರು ಎಲ್ಲವೂ ಹೆಣೆಯುವ ವಸ್ತುಗಳೇ. ಕಥೆಯನ್ನೂ ಹೆಣೆಯುತ್ತಾರೆ, ಆದರೆ ಹಾಗೆಂದಾಗ ಕಟ್ಟುಕಥೆಯ, ಕೆಲವೊಮ್ಮೆ ಕುತಂತ್ರದ ಛಾಯೆಯೊಂದು ಮಾತಿಗೆ ಅಂಟಿಕೊಳ್ಳುತ್ತದೆ.

ಈ ತಾರತಮ್ಯಕ್ಕೆ ಚಾರಿತ್ರಿಕ ಕಾರಣಗಳಿವೆ. ಮಗ್ಗದ ಹಿಂದೆ ಒಂದು ಕಸುಬು, ಒಂದು ಸಮುದಾಯ, ಒಂದು ಮಾರುಕಟ್ಟೆ ಇದೆ. ನಮ್ಮ ವಚನ ಪರಂಪರೆಯಲ್ಲಿ ಜೇಡರ ದಾಸಿಮಯ್ಯ ನೇಕಾರ. ನೂಲುವ ಕಾಯಕದ ಕದಿರ ರೆಮ್ಮವ್ವೆ ತನ್ನ ರಾಟಿಯನ್ನೇ ಅನುಭಾವದ ರೂಪಕವಾಗಿಸಿದವಳು. ಪಶ್ಚಿಮದಲ್ಲಿ ‘ಪಠ್ಯ’ವನ್ನು ಸೂಚಿಸುವ ಪದ ಹುಟ್ಟಿದ್ದು ನೇಯುವುದೆಂಬ ಅರ್ಥದ ಲ್ಯಾಟಿನ್ ಧಾತುವಿನಿಂದ, ನಮ್ಮ ‘ಗ್ರಂಥ’ ಕಟ್ಟುವುದೆಂಬ ಅರ್ಥದ ಸಂಸ್ಕೃತ ಧಾತುವಿನಿಂದ. ಎರಡು ಕಡ್ಡಿಗಳ ಉಣ್ಣೆಯ ಹೆಣಿಗೆಯಾದರೋ ನಮ್ಮಲ್ಲಿಗೆ ಬಹುಮಟ್ಟಿಗೆ ಮಿಷನರಿ ಶಾಲೆಗಳ ಕೈಗೆಲಸದ ಪಾಠಗಳ ಮೂಲಕ ಬಂದು, ಮನೆಯ ಪಡಸಾಲೆಯಲ್ಲಿ ನೆಲೆಸಿದ ವಿದ್ಯೆ. ಅದು ಹೆಂಗಸರ ಬಿಡುವಿನ ಕೆಲಸವೆಂದು ಗಣಿತವಾಯಿತೇ ಹೊರತು ವಿಚಾರಕ್ಕೆ ಒದಗುವ ರೂಪಕವಾಗಲಿಲ್ಲ.

ಯುರೋಪಿನ ಕೆಲವು ಪ್ರಸಿದ್ಧ ಕೃತಿಗಳಲ್ಲಿ ಹೆಣಿಗೆಯ ಕೆಲಸ ಹೇಗೆ ಬಂದಿದೆ, ಅದನ್ನು ವಿಮರ್ಶೆ ಹೇಗೆ ಓದಿದೆ ಎಂಬುದನ್ನು ಪರಿಶೀಲಿಸಿ, ಅಲ್ಲಿ ದೊರೆಯುವ ಅಳತೆಗೋಲು ನಮ್ಮ ಗೃಹಕೃತ್ಯದ ಕಥನಗಳನ್ನು ಓದಲು ಎಷ್ಟರಮಟ್ಟಿಗೆ ನೆರವಾದೀತು ಎಂದು ಕೇಳುವುದು ಪ್ರಸ್ತುತ ಲೇಖನದ ಉದ್ದೇಶ.

2

ಮೊದಲು ಈ ಎರಡು ಕೆಲಸಗಳ ವ್ಯತ್ಯಾಸವನ್ನು ಗಮನಿಸಬೇಕು. ಚಳ್ಳಕೆರೆಯ ಕಡೆಯ ಕುರುಬರ ಕಂಬಳಿಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಕುರಿಯ ಉಣ್ಣೆಯನ್ನು ಹೆಂಗಸರು ನೂಲುತ್ತಾರೆ. ನೂಲಿಗೆ ಹುಣಸೆಬೀಜದ ಗಂಜಿ ಹಾಕಿ, ಗುಂಡಿಮಗ್ಗದಲ್ಲಿ ಗಂಡಸರು ನೇಯುತ್ತಾರೆ. ಹಾಸನ್ನು ಮಗ್ಗಕ್ಕೆ ಏರಿಸಿದಾಗಲೇ ಬಟ್ಟೆಯ ಅಗಲ ನಿಶ್ಚಿತವಾಗಿಬಿಡುತ್ತದೆ. ಹೊಕ್ಕು ಆ ಚೌಕಟ್ಟನ್ನು ತುಂಬುತ್ತದೆ. ಮಗ್ಗಕ್ಕೆ ಒಂದು ಜಾಗ ಬೇಕು. ನೇಯುವವನಿಗೆ ಒಂದು ಹೊತ್ತು ಬೇಕು.

ಹೆಣಿಗೆಗೆ ಇರುವುದು ಒಂದೇ ನೂಲು. ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆಯನ್ನು ಎಳೆಯುತ್ತ ಹೋಗುವುದೇ ಅದರ ಸಮಸ್ತ ತಂತ್ರ. ಸೀದಾ, ಉಲ್ಟಾ ಎಂಬ ಎರಡು ಬಗೆಯ ಕುಣಿಕೆಗಳಿಂದ ಬಹುಪಾಲು ವಿನ್ಯಾಸಗಳೆಲ್ಲ ಹೊರಡುತ್ತವೆ. ಕುಣಿಕೆಗಳನ್ನು ಹೆಚ್ಚಿಸಿ, ತಗ್ಗಿಸಿ ತೋಳು, ಕುತ್ತಿಗೆ, ಹಿಮ್ಮಡಿಗಳ ಆಕಾರವನ್ನು ಹೆಣೆಯುತ್ತಲೇ ಪಡೆಯಬಹುದು. ಆದ್ದರಿಂದ ತೊಡುವವರ ಮೈಗೆ ಹಿಡಿದು ನೋಡುತ್ತ ಮುಂದುವರಿಯುವುದು ಈ ಕೆಲಸದ ಸಹಜ ಕ್ರಮ. ಹಾಲು ಉಕ್ಕಿದರೆ, ಮಗು ಅತ್ತರೆ, ಬಾಗಿಲು ಬಡಿದರೆ ಸಾಲು ಮುಗಿಸಿ ಬದಿಗಿಡಬಹುದು. ನಿಲ್ಲಿಸಿದ ಜಾಗವನ್ನು ಕಡ್ಡಿಯ ಮೇಲಿನ ಕುಣಿಕೆಗಳೇ ನೆನಪಿಟ್ಟಿರುತ್ತವೆ. ಆದರೆ ಒಂದು ಕುಣಿಕೆ ಜಾರಿದರೆ ಅದರ ಕೆಳಗಿನವು ಒಂದೊಂದಾಗಿ ಏಣಿಯಂತೆ ಬಿಚ್ಚಿಕೊಳ್ಳುತ್ತವೆ. ಬೇಕೆಂದೇ ಬಿಚ್ಚಿದರೆ ಇಡೀ ಉಡುಪು ಮತ್ತೆ ನೂಲಿನ ಉಂಡೆಯಾಗುತ್ತದೆ. ಅಣ್ಣನಿಗೆ ಚಿಕ್ಕದಾದ ಸ್ವೆಟರನ್ನು ಬಿಚ್ಚಿ, ಸುಕ್ಕು ಹೋಗುವಂತೆ ನೂಲನ್ನು ತೊಳೆದು ಒಣಗಿಸಿ, ತಂಗಿಗೆ ಕುಲಾವಿಯನ್ನೂ ಕಾಲುಚೀಲವನ್ನೂ ಹೆಣೆಯುವ ಮಿತವ್ಯಯಕ್ಕೆ ಆಧಾರ ಈ ಗುಣವೇ.

ಅಡಚಣೆಯನ್ನು ಒಳಗೊಳ್ಳುವ ಶಕ್ತಿ, ದೇಹದ ಅಳತೆಗೆ ಬಾಗುವ ಗುಣ, ಬಿಚ್ಚಿ ಮತ್ತೆ ಕಟ್ಟುವ ಸಾಧ್ಯತೆ ಎಂಬ ಈ ಮೂರು ಲಕ್ಷಣಗಳನ್ನು ಮುಂದಿನ ಚರ್ಚೆಗಾಗಿ ನೆನಪಿಡಬೇಕು.

3

ಸಾಹಿತ್ಯದಲ್ಲಿ ಹೆಣಿಗೆ ಎಂದೊಡನೆ ನೆನಪಾಗುವ ಪಾತ್ರ ಡಿಕನ್ಸ್‌ನ ‘ಎ ಟೇಲ್ ಆಫ್ ಟೂ ಸಿಟೀಸ್’ (1859) ಕಾದಂಬರಿಯ ಮದಾಮ್ ಡಿಫಾರ್ಜ್. ಪ್ಯಾರಿಸ್ಸಿನ ಮದ್ಯದಂಗಡಿಯಲ್ಲಿ ಕುಳಿತು ಅವಳು ಶಿಕ್ಷೆಗೆ ಗುರಿಯಾಗಬೇಕಾದವರ ಹೆಸರುಗಳನ್ನು ತನಗಷ್ಟೇ ತಿಳಿದ ಸಂಕೇತಗಳಲ್ಲಿ ಹೆಣೆಯುತ್ತಾಳೆ. ಏನು ಮಾಡುತ್ತೀರಿ ಎಂದು ಕೇಳಿದವನಿಗೆ ಶವವಸ್ತ್ರ ಎಂಬ ಉತ್ತರ ದೊರೆಯುತ್ತದೆ. ಇಲ್ಲಿ ಹೆಣಿಗೆ ಭಯಂಕರವಾದ ಪ್ರತೀಕ. ಆದರೆ ಅದನ್ನು ಯಾರೂ ತೊಡುವುದಿಲ್ಲ. ಅದು ಯಾರ ಮೈಗೂ ಅಳೆದದ್ದಲ್ಲ. ಪ್ರತೀಕವಾಗಿ ಹಿಗ್ಗಿದಷ್ಟೂ ಅದು ಕೆಲಸವಾಗಿ ಕುಗ್ಗುತ್ತದೆ.

ಇಬ್ಸನ್ನನ ‘ಎ ಡಾಲ್ಸ್ ಹೌಸ್’ (1879) ನಾಟಕದ ಮೂರನೆಯ ಅಂಕದಲ್ಲಿ ಇನ್ನೊಂದು ಸೂಕ್ಷ್ಮ ಪ್ರಸಂಗವಿದೆ. ಔತಣದಿಂದ ಮರಳಿದ ಹೆಲ್ಮರ್, ಹೆಣಿಗೆ ಹಿಡಿದು ಕಾದಿದ್ದ ಶ್ರೀಮತಿ ಲಿಂಡೆಗೆ ನೀವು ಕಸೂತಿ ಮಾಡಬೇಕು, ಅದು ನೋಡಲು ಚೆಲುವು, ಹೆಣಿಗೆ ಕುರೂಪ ಎಂಬ ಅರ್ಥದಲ್ಲಿ ಉಪದೇಶ ಮಾಡುತ್ತಾನೆ; ಕೈ ಆಡಿಸಿ ತೋರಿಸುತ್ತಾನೆ ಕೂಡ. ಲಿಂಡೆ ವಿಧವೆ, ದುಡಿದು ಬದುಕಿದವಳು. ಅವಳ ಕೈಯಲ್ಲಿರುವ ವಸ್ತು ಯಾರಿಗೆ, ಏತಕ್ಕೆ ಎಂಬ ಪ್ರಶ್ನೆ ಅವನಿಗೆ ಹೊಳೆಯುವುದಿಲ್ಲ. ಕೆಲಸ ಮಾಡುವ ಹೆಣ್ಣು ನೋಡುವ ಕಣ್ಣಿಗೆ ಹೇಗೆ ಕಾಣುತ್ತಾಳೆ ಎಂಬುದಷ್ಟೇ ಅವನ ಮಾನದಂಡ. ಹೆಂಡತಿಯನ್ನು ಗೊಂಬೆಯಾಗಿ ಕಾಣುವ ಅವನ ದೃಷ್ಟಿದೋಷವನ್ನು ಇಬ್ಸನ್ ಒಂದು ಜೊತೆ ಹೆಣಿಗೆಯ ಕಡ್ಡಿಗಳ ಮೂಲಕ ಬಯಲಿಗೆಳೆದಿದ್ದಾನೆ. ಗೃಹಕೃತ್ಯವನ್ನು ಅಂದಚೆಂದದ ಹೆಸರಿನಲ್ಲಿ ಅಳೆಯುವ ವಿಮರ್ಶೆಗೂ ಇದೊಂದು ಎಚ್ಚರಿಕೆ.

ಟಾಲ್‌ಸ್ಟಾಯ್‌ನ ‘ಯುದ್ಧ ಮತ್ತು ಶಾಂತಿ’ಯ (1869) ಉಪಸಂಹಾರದಲ್ಲಿ ದಾದಿ ಆನಾ ಮಕಾರೊವ್ನಾ ತನಗೊಬ್ಬಳಿಗೇ ತಿಳಿದ ವಿದ್ಯೆಯಿಂದ ಎರಡು ಕಾಲುಚೀಲಗಳನ್ನು ಏಕಕಾಲದಲ್ಲಿ, ಒಂದರೊಳಗೊಂದಾಗಿ ಹೆಣೆಯುತ್ತಾಳೆ, ಮುಗಿದಾಗ ಮಕ್ಕಳ ಎದುರಿಗೆ ಒಂದರೊಳಗಿಂದ ಇನ್ನೊಂದನ್ನು ಗಂಭೀರವಾಗಿ ಹೊರತೆಗೆಯುತ್ತಾಳೆ. ಮಕ್ಕಳ ಸಂತೋಷದ ಕೂಗು ಮನೆಯನ್ನು ತುಂಬುತ್ತದೆ. ನೆಪೋಲಿಯನ್ನನ ದಂಡಯಾತ್ರೆಯನ್ನು ಹಾದುಬಂದ ಮಹಾಕಥನ ತನ್ನ ಕೊನೆಯ ಘಟ್ಟದಲ್ಲಿ ಈ ಕೂಗಿಗೆ ಜಾಗ ಮಾಡಿಕೊಟ್ಟಿದೆ. ಒಂದರೊಳಗೊಂದು ಬೆಳೆದ ಜೋಡಿ ಚೀಲಗಳು ಯುದ್ಧ ಮತ್ತು ಶಾಂತಿಗಳ ಸಂಬಂಧವನ್ನು ಸೂಚಿಸುತ್ತವೆ ಎಂದು ಅರ್ಥೈಸಲು ಆಸೆಯಾಗುತ್ತದೆ. ಆದರೆ ಟಾಲ್‌ಸ್ಟಾಯ್ ಅದನ್ನು ಪ್ರತೀಕಕ್ಕೆ ಏರಿಸದೆ, ಚಳಿಗಾಲದ ಮನೆಯೊಂದರ ಸಂಜೆಯ ಘಟನೆಯಾಗಿಯೇ ಉಳಿಸಿದ್ದಾನೆ. ಪ್ರಸಂಗದ ಬಲವಿರುವುದು ಈ ಸಂಯಮದಲ್ಲಿ.

4

ವರ್ಜೀನಿಯಾ ವುಲ್ಫ್‌ಳ ‘ಟು ದ ಲೈಟ್‌ಹೌಸ್’ (1927) ಈ ಚರ್ಚೆಯ ಕೇಂದ್ರ ನಿದರ್ಶನ. ಶ್ರೀಮತಿ ರಾಮ್ಸೆ ಕೆಂಗಂದು ಬಣ್ಣದ ಕಾಲುಚೀಲವೊಂದನ್ನು ಹೆಣೆಯುತ್ತಿದ್ದಾಳೆ. ಅದು ದೀಪಸ್ತಂಭದ ಕಾವಲುಗಾರನ ಮಗನಿಗೆ. ಆ ಹುಡುಗನ ಸೊಂಟದ ಮೂಳೆಗೆ ಕ್ಷಯ ತಗುಲಿದೆ. ಚೀಲ ಎಷ್ಟು ಉದ್ದವಾಗಿದೆ ಎಂದು ನೋಡಲು ಅವಳು ತನ್ನ ಮಗ ಜೇಮ್ಸ್‌ನ ಕಾಲಿಗೆ ಹಿಡಿಯುತ್ತಾಳೆ. ಅವನು ಮಿಸುಕಾಡುತ್ತಾನೆ, ಅವಳ ಮನಸ್ಸು ಹಳತಾದ ಕುರ್ಚಿಗಳ ಕಡೆಗೆ, ತೆರೆದಿಟ್ಟ ಬಾಗಿಲುಗಳ ಕಡೆಗೆ, ಊರಿನ ತಂದೆಗಾಗಿ ಕೊರಗುವ ಕೆಲಸದ ಹುಡುಗಿಯ ಕಡೆಗೆ ಹರಿಯುತ್ತದೆ. ಕೊನೆಗೆ ಚೀಲ ಗಿಡ್ಡವೆಂದು ತಿಳಿಯುತ್ತದೆ.

ಈ ಪ್ರಸಂಗವನ್ನು ವಿಶ್ವವಿಮರ್ಶೆಯಲ್ಲಿ ಪ್ರತಿಷ್ಠಾಪಿಸಿದವನು ಎರಿಕ್ ಔಅರ್‌ಬಾಖ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಸ್ತಾಂಬುಲ್‌ನಲ್ಲಿ ಬರೆದು 1946ರಲ್ಲಿ ಪ್ರಕಟಿಸಿದ ‘ಮಿಮೆಸಿಸ್’ ಗ್ರಂಥದ ಕೊನೆಯ ಅಧ್ಯಾಯಕ್ಕೆ ಅವನು ಈ ಕಾಲುಚೀಲದ ಹೆಸರನ್ನೇ ಇಟ್ಟ. ಹೊರಗಿನ ಅತ್ಯಲ್ಪ ಘಟನೆಯೊಂದು ಒಳಗಿನ ವಿಸ್ತಾರವಾದ ಚಿಂತನಪ್ರವಾಹವನ್ನು ಬಿಡುಗಡೆ ಮಾಡುವ ಆಧುನಿಕ ಕಥನದ ಕ್ರಮವನ್ನು ಅವನು ಇಲ್ಲಿ ಗುರುತಿಸಿದ್ದಾನೆ. ಈ ಒಳನೋಟ ಇಂದಿಗೂ ಬೆಲೆಯುಳ್ಳದ್ದು. ಆದರೂ ಅವನ ವಿವೇಚನೆಯಲ್ಲಿ ಕಾಲುಚೀಲ ಒಂದು ನಿಮಿತ್ತ ಮಾತ್ರ. ಆ ಜಾಗದಲ್ಲಿ ಬೇರಾವ ಸಣ್ಣ ಘಟನೆಯಿದ್ದರೂ ಕಥನದ ಕ್ರಮ ಹಾಗೆಯೇ ನಡೆಯುತ್ತಿತ್ತು ಎಂಬ ಧ್ವನಿ ಅಲ್ಲಿದೆ.

ಹೆಣಿಗೆಯ ಲಕ್ಷಣಗಳನ್ನು ಬಲ್ಲವರಿಗೆ ಈ ಮಾತನ್ನು ಪೂರ್ತಿಯಾಗಿ ಒಪ್ಪುವುದು ಕಷ್ಟ. ಇದು ಇನ್ನೊಬ್ಬನ ದೇಹಕ್ಕಾಗಿ ಮಾಡುತ್ತಿರುವ, ಆ ದೇಹ ಎದುರಿಗಿಲ್ಲದ ಕಾರಣ ಮತ್ತೊಂದು ದೇಹದ ಮೇಲೆ ಅಳೆಯಬೇಕಾದ ಕೆಲಸ. ಮಗು ಮಿಸುಕಾಡಿದ್ದರಿಂದ ಅಳತೆ ತಪ್ಪುತ್ತದೆ. ತಪ್ಪಿದ್ದರಿಂದ ನೋಟ ಆಚೆ ಹರಿಯುತ್ತದೆ. ಮತ್ತೆ ಮಗುವನ್ನು ನಿಲ್ಲಿಸಬೇಕಾಗುತ್ತದೆ. ಅಲೆದಾಡಿದ ಮನಸ್ಸು ಬಿಟ್ಟ ಜಾಗಕ್ಕೆ ಮರಳಲು ಕಡ್ಡಿಯ ಮೇಲಿನ ಕುಣಿಕೆಗಳಂತೆ ಈ ಅಳತೆಯೇ ಆಧಾರ. ಅಂದರೆ ವುಲ್ಫ್‌ಳ ವಾಕ್ಯಸರಣಿಯ ಬಿಡುವು ಮತ್ತು ಮರಳುವಿಕೆ ಹೆಣಿಗೆಯ ಲಯವನ್ನೇ ಅನುಸರಿಸಿವೆ. ಇಲ್ಲಿ ಕೆಲಸವು ಚಿಂತನೆಗೆ ನೆಪವಾಗಿರುವುದಷ್ಟೇ ಅಲ್ಲ, ಅದರ ರೂಪವೂ ಆಗಿದೆ. ಮೊದಲ ಭಾಗದ ಕೊನೆಯಲ್ಲಿ ತಾನಿದನ್ನು ಮುಗಿಸಲಾರೆ ಎಂದು ಅವಳೇ ಒಪ್ಪುತ್ತಾಳೆ. ಎರಡನೆಯ ಭಾಗದಲ್ಲಿ ಅವಳ ಸಾವಿನ ಸುದ್ದಿ ಆವರಣ ಚಿಹ್ನೆಗಳ ನಡುವೆ ಬಂದುಹೋಗುತ್ತದೆ. ಕಡ್ಡಿಯ ಮೇಲೆ ಉಳಿದ ಕುಣಿಕೆಗಳ ಅರಿವಿಲ್ಲದೆ ಆ ಆವರಣದ ಕ್ರೌರ್ಯ ಪೂರ್ತಿಯಾಗಿ ಮುಟ್ಟಲಾರದು.

ಎರಡು ವರ್ಷಗಳ ನಂತರ ‘ಎ ರೂಮ್ ಆಫ್ ಒನ್ಸ್ ಓನ್’ (1929) ಕೃತಿಯಲ್ಲಿ ವುಲ್ಫ್, ಪುಸ್ತಕವು ಬರೆಯುವವಳ ದೇಹಕ್ಕೆ ಹೊಂದಿಕೊಳ್ಳಬೇಕು, ಅಡಚಣೆಗಳು ಇದ್ದೇ ಇರುತ್ತವೆಯಾದ್ದರಿಂದ ರೂಪವು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬ ಆಶಯದ ಮಾತನ್ನಾಡಿದಳು. ಕಾಲಿಗೆ ಹಿಡಿದ ಕಾಲುಚೀಲ ಇಲ್ಲಿ ಕಾವ್ಯಮೀಮಾಂಸೆಯಾಗಿ ಮರಳಿದೆ ಎನ್ನಬಹುದು.

5

ಈ ಅಳತೆಗೋಲಿನಿಂದ ಕನ್ನಡಕ್ಕೇನು ಪ್ರಯೋಜನ? ಸ್ತ್ರೀಯರ ಬರವಣಿಗೆಯನ್ನು ‘ಅಡುಗೆಮನೆ ಸಾಹಿತ್ಯ’ ಎಂದು ಬದಿಗೆ ಸರಿಸಿದ ಕಾಲವೊಂದಿತ್ತು. ಆ ತೀರ್ಪಿನಲ್ಲಿ ವಸ್ತುವಿನ ಬಗೆಗಿನ ತಾತ್ಸಾರದ ಜೊತೆಗೆ ರೂಪದ ಬಗೆಗಿನ ಪೂರ್ವಗ್ರಹವೂ ಇತ್ತು. ಮಾತು ಹರಡಿಕೊಂಡಿದೆ, ಬಂಧ ಸಡಿಲವಾಗಿದೆ, ಕೇಂದ್ರವಿಲ್ಲ ಎಂಬ ಆಕ್ಷೇಪಗಳು ಮಗ್ಗದ ಅಳತೆಯಿಂದ ಹೊರಟವು. ವೈದೇಹಿಯವರ ‘ಅಕ್ಕು’ ಕಥೆಯನ್ನು ನೋಡಬಹುದು. ಮನೆಯವರು ಹುಚ್ಚಿಯೆಂದು ಬದಿಗಿಟ್ಟ ಹೆಣ್ಣೊಬ್ಬಳ ಬಾಳು ಅಲ್ಲಿ ಮನೆವಾರ್ತೆಯ ಮಾತುಗಳ ನಡುವೆ ತುಣುಕು ತುಣುಕಾಗಿ ಹೊರಬರುತ್ತದೆ. ಒಂದು ಮಾತು ಹಿಂದಿನ ಮಾತಿನ ಕುಣಿಕೆಯೊಳಗಿಂದಲೇ ಏಳುತ್ತದೆ. ಸಡಿಲವಾಗಿ ಕಂಡರೂ ಒಂದನ್ನು ಕಿತ್ತರೆ ಉಳಿದದ್ದು ಜಾರುತ್ತದೆ. ಇದು ಬಿಗಿತವೇ, ಬೇರೊಂದು ಬಗೆಯ ಬಿಗಿತ.

ಹಾಗೆಂದು ಮನೆಯೊಳಗಿನ ಎಲ್ಲ ರಚನೆಗಳನ್ನೂ ಹೆಣಿಗೆ ಎನ್ನುವುದು ಸಲ್ಲದು. ಹಲಸಂಗಿ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ ಸಂಕಲನದ ಬೀಸುವ ಪದಗಳೂ ಕೆಲಸದ ನಡುವೆ ಹುಟ್ಟಿದವು. ಆದರೆ ಅಲ್ಲಿ ಒಂದೊಂದು ತ್ರಿಪದಿಯೂ ಸ್ವಯಂಪೂರ್ಣ. ಒಂದನ್ನು ಬಿಟ್ಟು ಇನ್ನೊಂದನ್ನು ಹಾಡಬಹುದು. ಅದರ ಕ್ರಮ ಹಳೆಯ ಸೀರೆಯ ತುಂಡುಗಳನ್ನು ಕೂಡಿಸಿ ಹೊಲಿದ ಉತ್ತರ ಕರ್ನಾಟಕದ ಕೌದಿಗೆ ಹತ್ತಿರವಾದುದು. ನೇಯ್ಗೆ, ಕೌದಿ, ಹೆಣಿಗೆ ಈ ಮೂರೂ ಭಿನ್ನ ಬಂಧಗಳು. ಯಾವ ಕೃತಿ ಯಾವುದನ್ನು ಬೇಡುತ್ತದೆ ಎಂಬ ವಿವೇಕ ವಿಮರ್ಶಕನದು.

ಇನ್ನೊಂದು ಅಪಾಯವನ್ನೂ ಗಮನಿಸಬೇಕು. ಹೆಣಿಗೆಯನ್ನು ಹೆಣ್ಣಿನ ಸಹಜ ಸ್ವಭಾವವೆಂದು ಕೊಂಡಾಡಿದರೆ ಹೆಲ್ಮರನ ಉಪದೇಶಕ್ಕೆ ನಾವೂ ದನಿಗೂಡಿಸಿದಂತೆ. ಇಂಗ್ಲೆಂಡಿನ ಡೆಂಟ್ ಕಣಿವೆಯಲ್ಲಿ ಗಂಡಸರೂ ಮಕ್ಕಳೂ ಕೂಲಿಗಾಗಿ ಹೆಣೆದಿದ್ದಾರೆ. ಪೆರು ದೇಶದ ಟಿಟಿಕಾಕಾ ಸರೋವರದ ಟಕೀಲೆ ದ್ವೀಪದಲ್ಲಿ ಟೋಪಿ ಹೆಣೆಯುವುದು ಗಂಡಸರ ವಿದ್ಯೆ; ಅಲ್ಲಿಯ ವಸ್ತ್ರಕಲೆಯನ್ನು ಯುನೆಸ್ಕೊ 2005ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯೆಂದು ಘೋಷಿಸಿತು. ರೊಜ್ಸಿಕಾ ಪಾರ್ಕರ್ ‘ದ ಸಬ್‌ವರ್ಸಿವ್ ಸ್ಟಿಚ್’ (1984) ಗ್ರಂಥದಲ್ಲಿ ಕಸೂತಿಯನ್ನು ಕುರಿತು ತೋರಿಸಿದಂತೆ, ಸೂಜಿಯ ಕೆಲಸ ಹೆಣ್ತನವನ್ನು ಕಲಿಸುವ ಸಾಧನವೂ ಹೌದು, ಅದನ್ನು ಪ್ರತಿಭಟಿಸುವ ಸಾಧನವೂ ಹೌದು. ಆದುದರಿಂದ ಅಡಚಣೆಯನ್ನು ವೈಭವೀಕರಿಸಬೇಕಾಗಿಲ್ಲ. ಅಡಚಣೆ ಒಂದು ಅನ್ಯಾಯ. ಅದರ ನಡುವೆಯೂ ರೂಪವನ್ನು ಉಳಿಸಿಕೊಂಡದ್ದು ಒಂದು ಸಾಧನೆ. ಇವೆರಡನ್ನೂ ಒಟ್ಟಿಗೆ ಕಾಣುವ ಓದು ಬೇಕು.

ಹೆಣಿಗೆಯ ಚೌಕಟ್ಟುಯಂತ್ರವನ್ನು ವಿಲಿಯಂ ಲೀ 1589ರಲ್ಲಿಯೇ ರಚಿಸಿದ. ಇಂದು ಲುಧಿಯಾನದ ಕಾರ್ಖಾನೆಗಳ ಸ್ವೆಟರುಗಳು ಎಲ್ಲೆಡೆ ದೊರೆಯುತ್ತವೆ. ಕೈಹೆಣಿಗೆಯ ಆರ್ಥಿಕ ಅಗತ್ಯ ಬಹುಮಟ್ಟಿಗೆ ತೀರಿದೆ. ಕಡ್ಡಿ ಹಿಡಿದು ಕಲಿತ ಅರಿವು, ಎಂದರೆ ಬಿಟ್ಟ ಜಾಗಕ್ಕೆ ಮರಳುವುದು, ತೊಡುವವರ ಮೈಗೆ ಹಿಡಿದು ನೋಡುವುದು, ತಪ್ಪಿದ ಸಾಲಿನವರೆಗೆ ಬಿಚ್ಚಲು ಹಿಂಜರಿಯದಿರುವುದು, ಆ ಕೈಗಳೊಡನೆ ಮರೆಯಾಗುವ ಸಂಭವವಿದೆ. ನಮ್ಮ ಗೃಹಕೃತ್ಯದ ಕಥನಗಳಲ್ಲಿ ಆ ಅರಿವು ಇನ್ನೂ ಜೀವಂತವಾಗಿದೆ. ಅದನ್ನು ಗುರುತಿಸಲು ವಿಮರ್ಶೆಯು ತನ್ನ ಪರಿಭಾಷೆಯನ್ನೇ ಕೆಲವು ಸಾಲುಗಳಷ್ಟು ಬಿಚ್ಚಿ ಮತ್ತೆ ಹೆಣೆಯಬೇಕಾಗಿದೆ.