ಕಪ್ಪು ಬಳಿಯುವುದು, ಗೆರೆ ಎಳೆಯುವುದು

ನಮ್ಮ ಪತ್ರಿಕೆಗಳ ಕಥೆಗಳಲ್ಲಿ ಮುಸ್ಲಿಂ ಹೆಂಗಸೊಬ್ಬಳು ಬಂದರೆ ಪಕ್ಕದ ಚಿತ್ರದಲ್ಲಿ ಏನಿರುತ್ತದೆ? ಬಹುಮಟ್ಟಿಗೆ ಒಂದು ಕಪ್ಪು ಗುಡ್ಡೆ, ಅದರಲ್ಲಿ ಎರಡು ಕಣ್ಣು. ಕಥೆಯಲ್ಲಿ ಆಕೆ ರೇಷನ್ ಅಂಗಡಿಯ ಮುಂದೆ ಜಗಳವಾಡುತ್ತಿರಬಹುದು, ಮಗನ ಫೀಸಿಗೆ ಬಳೆ ಅಡವಿಡುತ್ತಿರಬಹುದು. ಚಿತ್ರದಲ್ಲಿ ಮಾತ್ರ ಆಕೆಗೆ ಮೊಣಕೈಯೂ ಇಲ್ಲ, ಮಂಡಿಯೂ ಇಲ್ಲ. ಇದನ್ನು ಕಲಾವಿದರ ದ್ವೇಷ ಎನ್ನಲಾರೆ. ಹೆಚ್ಚಾಗಿ ಇದು ಗೆರೆಯ ಸೋಮಾರಿತನ.

ಕಪ್ಪನ್ನು ಬಳಿಯದೆ ಕಟ್ಟುವ ವಿದ್ಯೆಯೊಂದಿದೆ. ಓರೆಯಾಗಿ ಒಂದು ಸಾಲು ಗೆರೆ, ಅದರ ಮೇಲೆ ಅಡ್ಡ ಹಾಯುವ ಇನ್ನೊಂದು ಸಾಲು. ದಟ್ಟವಾದಷ್ಟೂ ನೆರಳು, ವಿರಳವಾದಷ್ಟೂ ಬೆಳಕು. ಇದೇ ಕ್ರಾಸ್ ಹ್ಯಾಚಿಂಗ್. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಲೈನ್ ಬ್ಲಾಕಿಗೆ ಕಪ್ಪು, ಬಿಳುಪು ಎರಡೇ ಗೊತ್ತಿತ್ತು. ನಡುವಿನ ಬೂದನ್ನು ಚಿತ್ರಕಾರನೇ ಗೆರೆಗಳಿಂದ ಹುಟ್ಟಿಸಬೇಕಿತ್ತು. ‘ಪ್ರಜಾವಾಣಿ’, ‘ಸುಧಾ’ಗಳಿಗೆ ಚಿತ್ರ ಬರೆದ ಚಂದ್ರನಾಥ ಆಚಾರ್ಯರು ಎಚ್ಚಿಂಗ್ ಕಲಾವಿದರೂ ಹೌದು. ಲೋಹದ ತಗಡಿನ ಮೇಲೆ ಸೂಜಿ ಆಡಿಸಿದ ಕೈಗೆ ಕತ್ತಲೆಯಲ್ಲೂ ಹಲವು ಮೆಟ್ಟಿಲುಗಳಿವೆ ಎಂಬುದು ತಿಳಿದಿರುತ್ತದೆ.

ಇದು ಪರದೇಶದ ವಿದ್ಯೆಯೆಂದು ದೂರವಿಡಬೇಕಿಲ್ಲ. ಮೊಗಲ್ ಚಿತ್ರಕಾರರು ಕೂದಲೆಳೆಯಂಥ ಕುಂಚದಿಂದ ಸಣ್ಣ ಗೆರೆ, ಚುಕ್ಕೆ ಕೂಡಿಸಿ ಮುಖಕ್ಕೆ ದುಂಡು ತರುತ್ತಿದ್ದರು. ಅದಕ್ಕೆ ಪರ್ದಾಜ್ ಎಂದು ಹೆಸರು. 1600ರ ಸುಮಾರಿಗೆ ಅಬುಲ್ ಹಸನ್ ಎಂಬ ಹದಿಮೂರರ ಹುಡುಗ, ಜರ್ಮನಿಯ ಡ್ಯೂರರನ 1511ರ ಕೆತ್ತನೆ ನೋಡಿ ಸಂತ ಯೋಹಾನನ ಚಿತ್ರ ಬರೆದ. ನಿಲುವಂಗಿಯ ಮಡಿಕೆಗಳೊಳಗೆ ಒಂದು ದೇಹವಿದೆ ಎಂಬುದನ್ನು ಆ ಹುಡುಗ ಬಿಡಲಿಲ್ಲ. ಮುಂದೆ ಜಹಾಂಗೀರ್ ಅವನಿಗೆ ‘ನಾದಿರುಜ್ಜಮಾನ್’ ಎಂಬ ಬಿರುದು ಕೊಟ್ಟ.

ಗೆರೆ ಏನು ಮಾಡಬಲ್ಲದು ಎಂಬುದಕ್ಕೆ ನಮ್ಮ ವರ್ತೂರಿನದೇ ಉದಾಹರಣೆ ಕೊಡಬಹುದು. 2015ರಲ್ಲಿ ಕೆರೆಯ ನೊರೆ ಉಕ್ಕಿ ರಸ್ತೆಗೆ ಬಂದಾಗ ಫೋಟೋಗಳಲ್ಲಿ ಅದು ಹಿಮದಂತೆ ಚೆಂದ ಕಂಡಿತು. ಪೆನ್ನು ಹಿಡಿದವನು ನೊರೆಯನ್ನು ಬರೆಯಲಾರ. ಅಲ್ಲಿ ಕಾಗದವನ್ನು ಬಿಳಿ ಬಿಟ್ಟು, ಸುತ್ತಲಿನ ನೀರನ್ನೂ ಮೂಗು ಮುಚ್ಚಿ ಸಾಗುವವರನ್ನೂ ಗೆರೆಗಳಿಂದ ತುಂಬಬೇಕು. ಆಗ ನೊರೆಯ ಚೆಂದ ಹಿಂದೆ ಸರಿದು ಕೊಳೆತ ನೀರು ಮುಂದೆ ಬರುತ್ತದೆ.

ಬುರ್ಖಾದ ಮಾತೂ ಇದೇ. ಚೀಲ ಹೊತ್ತ ಭುಜದ ಇಳಿಜಾರು, ಮಗುವನ್ನು ಸೊಂಟಕ್ಕೇರಿಸಿದಾಗಿನ ಬಟ್ಟೆಯ ಎಳೆತ, ಒಗೆದೊಗೆದು ಮಾಸಿದ ಅಂಚು: ಕಂಪ್ಯೂಟರಿನಲ್ಲಿ ಒಂದೇ ಒತ್ತಿಗೆ ತುಂಬುವ ಕಪ್ಪಿನಲ್ಲಿ ಇವಕ್ಕೆ ಜಾಗವಿಲ್ಲ. ನಮ್ಮ ಮುಸ್ಲಿಂ ಪತ್ರಿಕೆಗಳೂ ಇದಕ್ಕೆ ಹೊರತಲ್ಲ. ಮನುಷ್ಯರ ಚಿತ್ರದ ಬಗ್ಗೆ ಹಿಂಜರಿದು ಗುಲಾಬಿಯನ್ನೋ ಗುಮ್ಮಟವನ್ನೋ ಹಾಕಿ ಮುಗಿಸುತ್ತೇವೆ. ಅಲ್ಲಿಯೂ ಆಕೆ ಇಲ್ಲ.

ಓದುಗರು ಕಥೆಗಿಂತ ಮೊದಲು ಚಿತ್ರ ನೋಡುತ್ತಾರೆ. ಸಂಪಾದಕರು ಕಲಾವಿದರಿಗೆ ಸಾರಾಂಶದ ಬದಲು ಪೂರ್ತಿ ಕಥೆಯನ್ನೇ ಕೊಡಲಿ. ಗೆರೆ ಎಳೆಯಲು ಇನ್ನೆರಡು ದಿನವನ್ನೂ ಕೊಡಲಿ.