ಅಗ್ಗದ ವಸ್ತು, ಚಲಿಸುವ ನೆರಳು: ಎರಡು ಕೃತಿಗಳ ತೌಲನಿಕ ವಿವೇಚನೆ

ಸಾಧನಗಳು ಮರೆಯಲ್ಲಿದ್ದಾಗ ಮಾತ್ರ ನೆರಳಿನ ಮೋಡಿ ಸಾಧ್ಯ ಎಂಬುದು ಸಾಮಾನ್ಯ ತಿಳುವಳಿಕೆ. ಕಾರ್ಖಾನೆಗಳಲ್ಲಿ ರಾಶಿಗಟ್ಟಲೆ ತಯಾರಾಗುವ ಅಗ್ಗದ ವಸ್ತುಗಳಿಂದ ಚಲಿಸುವ ನೆರಳುಗಳನ್ನು ಮೂಡಿಸಿದ ಎರಡು ಕೃತಿಗಳು ಈ ತಿಳುವಳಿಕೆಯನ್ನು ಪರೀಕ್ಷೆಗೆ ಒಡ್ಡುತ್ತವೆ. ಒಂದು, ಜರ್ಮನಿಯ ಹಾನ್ಸ್-ಪೀಟರ್ ಫೆಲ್ಡ್‌ಮನ್ (1941-2023) ಅವರ ‘ನೆರಳಿನಾಟ’. ಇನ್ನೊಂದು, ಜಪಾನಿನ ರ್ಯೋಟಾ ಕುವಾಕುಬೊ ಅವರ ‘ಹತ್ತನೆಯ ಭಾವ’ (2010).

2009ರ ವೆನಿಸ್ ದ್ವೈವಾರ್ಷಿಕ ಪ್ರದರ್ಶನದಲ್ಲಿದ್ದ ಫೆಲ್ಡ್‌ಮನ್ನರ ಕೃತಿಯ ವ್ಯವಸ್ಥೆ ತೀರ ಸರಳ. ಉದ್ದನೆಯ ಮೇಜಿನ ಮೇಲೆ ತಿರುಗುವ ತಟ್ಟೆಗಳು. ಅವುಗಳ ಮೇಲೆ ಆಟಿಕೆ, ಗೊಂಬೆ, ಪ್ರವಾಸಿ ಸ್ಮರಣಿಕೆ ಮೊದಲಾದ ಸಾಮಾನುಗಳು. ಮುಂದೆ ದೀಪಗಳು, ಹಿಂದೆ ಗೋಡೆ. ದೀಪಕ್ಕೆ ಹತ್ತಿರವಿರುವ ವಸ್ತುವಿನ ನೆರಳು ಬೃಹತ್ತಾಗಿ, ದೂರದ್ದು ಕಿರಿದಾಗಿ ಬೀಳುತ್ತದೆ. ಪರಸ್ಪರ ಸಂಬಂಧವಿಲ್ಲದ ಆಕೃತಿಗಳು ಗೋಡೆಯ ಮೇಲೆ ಸಂಧಿಸಿ, ಒಂದನ್ನೊಂದು ಹಾಯ್ದು ಅಗಲುತ್ತವೆ. ಬಣ್ಣ, ಬೆಲೆ, ತಯಾರಿಕೆಯ ಒರಟುತನ ಇವೆಲ್ಲವೂ ಅಲ್ಲಿ ಅಳಿದು ರೂಪ ಮಾತ್ರ ಉಳಿಯುತ್ತದೆ.

ಕರ್ನಾಟಕದ ತೊಗಲುಗೊಂಬೆಯಾಟದೊಡನೆ ಹೋಲಿಸಿದಾಗ ಈ ಕೃತಿಯ ವೈಶಿಷ್ಟ್ಯ ಸ್ಪಷ್ಟವಾಗುತ್ತದೆ. ಅಲ್ಲಿ ಹದಗೊಳಿಸಿದ ತೊಗಲನ್ನು ಕತ್ತರಿಸಿ, ರಂಧ್ರ ಕೊರೆದು, ಬಣ್ಣ ಹಚ್ಚಿ ಗೊಂಬೆಯನ್ನು ಪರದೆಗೆಂದೇ ರೂಪಿಸಲಾಗುತ್ತದೆ. ದೀಪವೂ ಆಡಿಸುವವರೂ ಪರದೆಯ ಹಿಂದಿರುತ್ತಾರೆ. ಫೆಲ್ಡ್‌ಮನ್ನರ ಮೇಜಿನ ಮೇಲಿನ ಯಾವ ವಸ್ತುವೂ ನೆರಳಿಗಾಗಿ ಹುಟ್ಟಿದ್ದಲ್ಲ. ಪರದೆಯ ಮರೆಯೂ ಇಲ್ಲದಿರುವುದರಿಂದ ನೋಡುಗನ ದೃಷ್ಟಿ ಗೋಡೆಯಿಂದ ಮೇಜಿಗೆ, ಮೇಜಿನಿಂದ ಗೋಡೆಗೆ ಸಂಚರಿಸುತ್ತಲೇ ಇರುತ್ತದೆ.

ಕುವಾಕುಬೊ ಈ ಕ್ರಮವನ್ನು ತಿರುವುಮುರುವಾಗಿಸುತ್ತಾರೆ. ಇಲ್ಲಿ ವಸ್ತುಗಳು ನಿಶ್ಚಲ; ಚಲಿಸುವುದು ಬೆಳಕು. ಕತ್ತಲ ಕೋಣೆಯ ನೆಲದ ಮೇಲೆ ಪುಟ್ಟ ದೀಪ ಹೊತ್ತ ಆಟಿಕೆ ರೈಲು ಪೆನ್ಸಿಲ್, ಬಟ್ಟೆ ಕ್ಲಿಪ್, ಬುಟ್ಟಿಗಳ ನಡುವೆ ನಿಧಾನವಾಗಿ ಸಾಗುತ್ತದೆ. ದೀಪ ಸಮೀಪಿಸಿದಂತೆ ಕ್ಲಿಪ್ಪಿನ ನೆರಳು ಗೋಪುರದಂತೆ ಬೆಳೆದು ಗೋಡೆಯ ಮೇಲೆ ಹಾದುಹೋಗುತ್ತದೆ. ಇಡೀ ಕೋಣೆಯೇ ಬೋಗಿಯ ಕಿಟಕಿಯಾಚೆಯ ನಾಡಾಗಿ, ನೋಡುಗನು ಪ್ರಯಾಣಿಕನಾಗುತ್ತಾನೆ.

ಎರಡೂ ಕೃತಿಗಳಲ್ಲಿ ಅಗ್ಗದ ವಸ್ತುವಿನ ಪಾತ್ರ ಒಂದೇ ಅಲ್ಲ. ಗೊಂಬೆ ಮೊದಲೇ ಮನುಷ್ಯನ ಪ್ರತಿರೂಪ. ಹಾಗಾಗಿ ಫೆಲ್ಡ್‌ಮನ್ನರಲ್ಲಿ ಕಾಣುವುದು ಪ್ರತಿರೂಪದ ಪ್ರತಿರೂಪ. ಬಟ್ಟೆ ಕ್ಲಿಪ್ಪಾದರೋ ಯಾವುದನ್ನೂ ಪ್ರತಿನಿಧಿಸುವುದಿಲ್ಲ. ಅದರಲ್ಲಿ ಗೋಪುರವನ್ನು ಕಾಣುವುದು ನೋಡುಗನ ಕಲ್ಪನೆ. ಕಲ್ಪನೆಗೆ ಇಷ್ಟು ಅವಕಾಶ ನೀಡಿರುವುದು ಕುವಾಕುಬೊ ಅವರ ಹಿರಿಮೆ. ಆದರೆ ಪ್ರಯಾಣಿಕನಿಗೆ ಹಳಿಯ ಆಯ್ಕೆಯಿಲ್ಲ. ಕತ್ತಲು ವಸ್ತುಗಳನ್ನು ಬಹುಪಾಲು ಮುಚ್ಚಿಬಿಡುವುದರಿಂದ ಕೃತಿ ಮಧುರ ವಿಷಾದದತ್ತ ಜಾರುವ ಅಪಾಯವೂ ಇದೆ.

ಫೆಲ್ಡ್‌ಮನ್ನರ ತಟ್ಟೆಗಳು ಸುತ್ತಿದಲ್ಲೇ ಸುತ್ತುತ್ತವೆ, ಕಥೆ ಮುಂದುವರಿಯುವುದಿಲ್ಲ ಎಂಬ ಆಕ್ಷೇಪಕ್ಕೆ ಎಡೆಯುಂಟು. ಆದರೂ ತಮ್ಮ ಕೃತಿಗಳಿಗೆ ಸಹಿ ಹಾಕದೆ, ಪ್ರತಿಗಳ ಸಂಖ್ಯೆಗೆ ಮಿತಿ ಹೇರದೆ ಕಲಾ ಮಾರುಕಟ್ಟೆಯ ನಿಯಮಗಳನ್ನು ನಿರಾಕರಿಸಿದ ಕಲಾವಿದನಿಗೆ ಈ ಬಯಲು ವ್ಯವಸ್ಥೆ ಸಹಜವಾಗಿಯೇ ಒಪ್ಪುತ್ತದೆ. ಅಗ್ಗದ ವಸ್ತುವನ್ನು ನೆರಳು ಉದಾತ್ತಗೊಳಿಸುತ್ತದೆ ಎಂದಷ್ಟೇ ಹೇಳಿದರೆ ಅದು ಅಲಂಕಾರದ ಮಾತಾದೀತು. ವಸ್ತು ಅಗ್ಗವಾಗಿಯೇ ಕಣ್ಣೆದುರು ಉಳಿದಿದ್ದೂ ಗೋಡೆಯ ಮೇಲಿನ ವಿಸ್ಮಯ ಕುಂದದಿರುವುದೇ ‘ನೆರಳಿನಾಟ’ದ ನಿಜವಾದ ಸಾಧನೆ.