ಹುಳ ಇರುವುದು ಅಟ್ಟದ ಮೇಲೆ

ಗೌರಿ ಹಬ್ಬ ಮುಗಿದು ಗಣಪತಿಯನ್ನು ನೀರಿಗೆ ಬಿಟ್ಟ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳೆಲ್ಲ ಒಂದೇ ರಾಗ ಹಾಡುತ್ತವೆ. ಸಂಜೆ ದೀಪ ಹಾಕುತ್ತಿದ್ದಂತೆ ಅಡುಗೆಮನೆ ತುಂಬ ಪುಟ್ಟ ಪತಂಗ, ರವೆ ಡಬ್ಬಿ ತೊಳೆದಾಯಿತು, ಅಕ್ಕಿ ಕೇರಿದ್ದಾಯಿತು, ಆದರೂ ಹೋಗುತ್ತಿಲ್ಲ. ಅಕ್ಕಿಯನ್ನು ಬಿಸಿಲಿಗೆ ಹಾಕಬೇಕೋ ನೆರಳಿಗೋ ಎಂಬ ವ್ಯಾಜ್ಯವನ್ನು ಈ ವಾರ ತೀರಿಸುತ್ತೇನೆ ಎಂದಿದ್ದೆ. ಅದು ಒಂದು ಸಾಲಿನ ಮಾತು: ಕಾಳು, ಬೇಳೆ ಬಿಸಿಲಿಗೆ, ಅಕ್ಕಿ ನೆರಳಿಗೆ, ಏಕೆಂದರೆ ಸುಡುಬಿಸಿಲಿಗೆ ಅಕ್ಕಿ ಬಿರಿದು ನುಚ್ಚಾಗುತ್ತದೆ. ಪತಂಗದ ವಿಷಯ ಅದಕ್ಕಿಂತ ತುರ್ತಿನದು.

ಡಬ್ಬಿಗಳನ್ನು ಬಿಟ್ಟು ಮೊದಲು ಅಟ್ಟ ನೋಡಿ. ಅಲ್ಲಿ ಬಾಗಿನದ ಮೊರಗಳಿವೆ. ಒಂದರ ಮೇಲೊಂದು ಮುಚ್ಚಿದ ಜೋಡಿ ಮೊರ, ಒಳಗೆ ಅರಿಸಿನ ಕುಂಕುಮ, ಬಳೆ, ಬಿಚ್ಚೋಲೆ, ಕನ್ನಡಿ, ಜತೆಗೆ ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ರವೆಯ ಅಂಗೈಯಗಲದ ಪೊಟ್ಟಣಗಳು. ಬಳೆ ಕೈ ಸೇರುತ್ತದೆ, ತೆಂಗಿನಕಾಯಿ ಚಟ್ನಿಗಾಗುತ್ತದೆ, ಪೊಟ್ಟಣಗಳು ಮಾತ್ರ ಮೊರದಲ್ಲೇ ಉಳಿಯುತ್ತವೆ. ದೇವರ ಹೆಸರಿನಲ್ಲಿ ಬಂದದ್ದನ್ನು ಎಸೆಯಲು ಮನಸ್ಸಾಗುವುದಿಲ್ಲ, ಅಷ್ಟು ಚೂರನ್ನು ಬಳಸಲು ನೆನಪಾಗುವುದಿಲ್ಲ. ಹೋದ ವರ್ಷದ ರವೆ ಪೊಟ್ಟಣವೊಂದನ್ನು ಬೆಳಕಿಗೆ ಹಿಡಿಯಿರಿ. ಅಲುಗಾಡಿಸಿದರೆ ರವೆ ಉದುರುವುದಿಲ್ಲ. ಒಳಗೆಲ್ಲ ಬಿಳಿ ನೂಲು, ಆ ನೂಲಿಗೆ ಪೋಣಿಸಿದ ಮಣಿಗಳಂತೆ ರವೆಯ ಕಣಗಳು ಅಂಟಿ ತೂಗುತ್ತಿರುತ್ತವೆ. ಪೊಟ್ಟಣದ ಮೂಲೆಯಲ್ಲಿ ಸಾಸಿವೆ ತೂರುವಷ್ಟು ತೂತು. ಹುಳ ಪ್ಲಾಸ್ಟಿಕ್ಕನ್ನೇ ಕೊರೆದು ಹೊರಬಿದ್ದ ದಾರಿ ಅದು.

ಹಾರುವ ಪತಂಗವನ್ನು ಟವೆಲ್ಲಿನಲ್ಲಿ ಹೊಡೆಯುವವರಿಗೆ ಒಂದು ಮಾತು. ಅದು ಏನನ್ನೂ ತಿನ್ನುವುದಿಲ್ಲ. ತಿನ್ನುವುದೆಲ್ಲ ಹುಳವಾಗಿದ್ದಾಗಲೇ ಮುಗಿದಿರುತ್ತದೆ. ರೆಕ್ಕೆ ಬಂದ ಮೇಲೆ ಉಳಿದಿರುವುದು ಜೋಡಿಯಾಗಿ ಮೊಟ್ಟೆಯಿಡುವ ಕೆಲಸವೊಂದೇ. ಇವುಗಳಲ್ಲಿ ಅಕ್ಕಿ ಪತಂಗ ಎಂಬ ಬಗೆಯ ಹುಳ ತಿಂದ ಜಾಗದಲ್ಲೇ ಗೂಡು ಕಟ್ಟುವುದು ಹೆಚ್ಚು. ರೆಕ್ಕೆಯ ತುದಿಯರ್ಧ ತಾಮ್ರದ ಬಣ್ಣಕ್ಕಿರುವ ಪ್ಲೋಡಿಯಾ ಎಂಬ ಇನ್ನೊಂದು ಬಗೆ ಹಾಗಲ್ಲ. ಅದರ ಬಲಿತ ಹುಳ ಗೋಡೆ ಹತ್ತಿ ಹೋಗಿ ಸೂರಿನ ಮೂಲೆಯಲ್ಲೋ ತಿರುಪು ಮುಚ್ಚಳದ ಒಳಗೆರೆಯಲ್ಲೋ ಕಪಾಟಿನ ಮೊಳೆತೂತಿನಲ್ಲೋ ಸೇರಿಕೊಳ್ಳುತ್ತದೆ. ಡಬ್ಬಿ ತೊಳೆದ ಕೆಲವು ವಾರಕ್ಕೆ ಪತಂಗ ಮತ್ತೆ ಹುಟ್ಟುವುದು ಅಲ್ಲಿಂದ.

ಇನ್ನು ಎಲೆ ಪಂಥದವರು. ರವೆಗೆ ಎರಡು ಬಿರಿಯಾನಿ ಎಲೆ, ಅಕ್ಕಿಗೆ ನಾಲ್ಕು ಲವಂಗ, ಹುಳ ಹತ್ತಿರ ಸುಳಿಯುವುದಿಲ್ಲ ಎನ್ನುತ್ತಾರೆ. ಇವರೊಂದಿಗೆ ನನ್ನ ತಕರಾರು ಹಳೆಯದು. ನಮ್ಮ ಹಿರಿಯರು ತೊಗರಿಬೇಳೆಗೆ ಹರಳೆಣ್ಣೆ ಸವರುತ್ತಿದ್ದರು, ಬಿತ್ತನೆ ಕಾಳಿಗೆ ಬಜೆಯ ಪುಡಿ ಬೆರೆಸುತ್ತಿದ್ದರು. ಕಾಳುಕಾಳಿಗೂ ಮೆತ್ತಿಕೊಂಡಿದ್ದರಿಂದ ಅವು ಫಲ ಕೊಟ್ಟವು. ಡಬ್ಬಿಯಲ್ಲಿ ಸುಮ್ಮನೆ ಮಲಗಿರುವ ಎಲೆಗೆ ಆ ಶಕ್ತಿ ಎಲ್ಲಿಂದ ಬರಬೇಕು?

ಫ್ರಾನ್ಸಿನ ಕೀಟ ಬರಹಗಾರ ಫಾಬ್ರೆಯನ್ನು ನಾನು ಮತ್ತೆ ಮತ್ತೆ ಓದುತ್ತೇನೆ. ಒಂದು ಮೇ ತಿಂಗಳ ಬೆಳಗ್ಗೆ ಅವನ ಕೋಣೆಯಲ್ಲಿ ದೊಡ್ಡ ನವಿಲು ಪತಂಗದ ಹೆಣ್ಣೊಂದು ಗೂಡಿನಿಂದ ಹೊರಬಂತು. ಅದನ್ನು ತಂತಿ ಬಲೆಯ ಕೆಳಗಿಟ್ಟ. ಆ ರಾತ್ರಿ ಚಿಕ್ಕ ಮಗ ಕೂಗಿಕೊಂಡು ಬಂದ: ಮನೆ ತುಂಬ ಹಕ್ಕಿಯಷ್ಟು ದೊಡ್ಡ ಪತಂಗಗಳು. ಕತ್ತಲಲ್ಲಿ ಗಿಡಮರ ದಾಟಿ ಸುಮಾರು 40 ಗಂಡುಗಳು ಒಂದು ಹೆಣ್ಣಿಗಾಗಿ ಬಂದಿದ್ದವು. ವಾಸನೆ ಹಿಡಿದು ಬಂದವೋ ಎಂದು ನೋಡಲು ಆಮೇಲೊಮ್ಮೆ ಅವನು ಹೆಣ್ಣಿನ ಸುತ್ತ ನುಸಿಗುಳಿಗೆಯ ನಾಫ್ತಲೀನ್ ಇಟ್ಟ. ಮನುಷ್ಯರ ಮೂಗಿಗೆ ಬೇರೇನೂ ತಿಳಿಯದಷ್ಟು ಘಾಟು. ಗಂಡುಗಳು ಎಂದಿನ ಹೊತ್ತಿಗೇ ಬಂದವು, ನೆಟ್ಟಗೆ ಬಲೆಯ ಬಳಿಗೇ ಹೋದವು. ಅಷ್ಟು ಘಾಟಿನೊಳಗಿಂದ ತನಗೆ ಬೇಕಾದ ವಾಸನೆಯನ್ನು ಹೆಕ್ಕಿಕೊಳ್ಳುವ ಕುಲವನ್ನು ಬಿರಿಯಾನಿ ಎಲೆ ತಡೆಯುತ್ತದೆಂದು ನಾನು ನಂಬಲಾರೆ. ಈಗ ಮಾರುವ ಅಂಟು ಬಲೆಗಳಲ್ಲೂ ಇರುವುದು ಹೆಣ್ಣಿನ ಆ ವಾಸನೆಯೇ. ಬೀಳುವುದು ಗಂಡುಗಳು ಮಾತ್ರ. ಮನೆಯಲ್ಲಿ ಪತಂಗ ಉಳಿದಿದೆಯೇ ಎಂದು ತಿಳಿಯಲು ಅದು ಸಾಕು, ಮುಗಿಸಲು ಸಾಲದು.

ಮುಗಿಸುವ ಕ್ರಮ ಸಣ್ಣದು. ಎಳೆ ಕಟ್ಟಿದ್ದನ್ನು ಕಟ್ಟಿ ಮನೆಯಿಂದಾಚೆ ಹಾಕಿ. ಹೊಸ ರವೆಯನ್ನು ಬಂದ ದಿನವೇ ಬೆಚ್ಚಗಾಗುವಂತೆ ಹುರಿದು, ಪೂರಾ ಆರಿದ ಮೇಲೆ ತುಂಬಿ. ಹುರಿಯಲಾಗದ ಕಡಲೆಹಿಟ್ಟು, ಬಾದಾಮಿ, ಕೊಬ್ಬರಿಯನ್ನು ಒಂದು ವಾರ ಫ್ರೀಜರಿನಲ್ಲಿಡಿ. ಮೈನಸ್ 18 ಡಿಗ್ರಿಯಲ್ಲಿ ಮೊಟ್ಟೆಯೂ ಬದುಕುವುದಿಲ್ಲ. ಮೊಳೆತೂತುಗಳನ್ನು ಸೂಜಿಯಲ್ಲಿ ಕೆದಕಿ. ಗೋದಾಮಿನವರು ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಯಾರು ಕೊಟ್ಟರೂ ಮನೆಯೊಳಗೆ ತರಬೇಡಿ. ಗಾಳಿಯ ತೇವಕ್ಕೆ ಅದು ಬಿಡುವ ಅನಿಲ ಮಲಗಿದವರನ್ನೇ ಕೊಲ್ಲುತ್ತದೆ.

ನಾವು ಹೀಗೆ ಬೆನ್ನಟ್ಟುವ ಅಕ್ಕಿ ಪತಂಗವನ್ನು ಬೇಕೆಂದೇ ಸಾಕುವವರಿದ್ದಾರೆ. ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಂಥ ಕಡೆ ಅದಕ್ಕೆ ನುಚ್ಚುಜೋಳ, ಕಡಲೆಕಾಯಿ ಬೀಜ ಹಾಕಿ ಬೆಳೆಸುತ್ತಾರೆ. ರೆಕ್ಕೆಯ ಹುಡಿ ಉಸಿರಿಗೆ ಹೋದರೆ ಅಲರ್ಜಿಯಾಗುವುದರಿಂದ ಪತಂಗ ಹಿಡಿಯುವಾಗ ಮಾಸ್ಕ್ ಬೇಕೇ ಬೇಕು. ಅದರ ಮೊಟ್ಟೆಗಳನ್ನು ಕಾರ್ಡಿಗೆ ಅಂಟಿಸಿ ಟ್ರೈಕೋಗ್ರಾಮಾ ಎಂಬ, ಕಣ್ಣಿಗೆ ಕಂಡೂ ಕಾಣದ ಕಣಜದ ಎದುರಿಡುತ್ತಾರೆ. ಕಣಜ ಪತಂಗದ ಮೊಟ್ಟೆಯೊಳಗೇ ತನ್ನ ಮೊಟ್ಟೆಯಿಡುತ್ತದೆ, ಹುಳ ಹುಟ್ಟುವುದೇ ಇಲ್ಲ. ಈ ಟ್ರೈಕೋಕಾರ್ಡನ್ನು ಕಬ್ಬಿನ ಗದ್ದೆಯಲ್ಲಿ ಎಲೆಗೆ ಸಿಕ್ಕಿಸಿದರೆ ಕಾಂಡ ಕೊರೆಯುವ ಹುಳದ ಮೊಟ್ಟೆಗೂ ಅದೇ ಗತಿ. ಜರ್ಮನಿಯಲ್ಲಿ ಇದೇ ಕುಲದ ಕಣಜದ ಪುಟ್ಟ ಕಾರ್ಡುಗಳನ್ನು ಅಡುಗೆಮನೆಯ ಕಪಾಟಿಗೆಂದೇ ಮಾರುತ್ತಾರೆ. ಅದು ಕಚ್ಚುವುದಿಲ್ಲ, ಮೊಟ್ಟೆ ಸಿಗದಿದ್ದರೆ ತಾನೇ ಸಾಯುತ್ತದೆ. ಕಬ್ಬಿಗೆ ಕೊಡುವ ಕಾರ್ಡನ್ನು ಕಪಾಟಿನ ಅಳತೆಗೆ ಮಾಡಿ ಕಿರಾಣಿ ಅಂಗಡಿಗೆ ತಲುಪಿಸುವವರು ನಮ್ಮಲ್ಲೂ ಮುಂದೆ ಬರಬೇಕು. ಅಂಥವರು ಇದ್ದರೆ ಈ ಅಂಕಣಕ್ಕೆ ಬರೆಯಿರಿ, ನನ್ನ ಅಡುಗೆಮನೆಯಲ್ಲೇ ಮೊದಲು ಇಟ್ಟು ನೋಡುತ್ತೇನೆ.